ಎಣ್ಣೆಗಿಂತ ಮೊದಲು ಮೆತ್ತೆ

ಅತ್ತಿಗುಂಡಿ ಕಡೆಯ ಕಾಫಿ ತೋಟವೊಂದರಲ್ಲಿ ದುಡಿಯುವ ತಾಯಿಯೊಬ್ಬರು ಕೆಲವು ವರ್ಷಗಳ ಹಿಂದೆ ನನ್ನ ಬಳಿ ಬಂದಿದ್ದರು. “ಬೂಟಿನೊಳಗೆ ಕಲ್ಲು ಸೇರಿದ ಹಾಗಾಗುತ್ತೆ ಡಾಕ್ಟ್ರೇ, ತೆಗೆದು ಕೊಡವಿದರೆ ಏನೂ ಇರಲ್ಲ” ಎಂಬುದು ಅವರ ದೂರು. ಜೊತೆಗೆ ಮುಂಗಾಲಿನಲ್ಲಿ ಉರಿ, ಎರಡು ಬೆರಳುಗಳಲ್ಲಿ ಜೋಮು. ನಾನು ಅದನ್ನು ಪಾದದಾಹವೆಂದು ನಿರ್ಣಯಿಸಿ ಅಭ್ಯಂಗಕ್ಕೆ ತೈಲವನ್ನೂ ಸೇವನೆಗೆ ಕಷಾಯವನ್ನೂ ಕೊಟ್ಟೆ. ಹಚ್ಚಿದ ರಾತ್ರಿ ಹಿತ. ಮರುದಿನ ತೋಟಕ್ಕಿಳಿದರೆ ಮತ್ತೆ ಅದೇ ಕಲ್ಲು. ಒಂದು ಮಳೆಗಾಲವೇ ಹೀಗೆ ಕಳೆಯಿತು. ಅವರ ಗಂಬೂಟನ್ನು ತರಿಸಿ ನೋಡಬೇಕೆಂಬ ವಿವೇಕ ನನಗೆ ಮೂಡಿದ್ದು ಆಮೇಲೆ. ಅದರ ಮುಂಭಾಗ ಆಕೆಯ ಪಾದಕ್ಕಿಂತ ಬಹಳ ಕಿರಿದಾಗಿತ್ತು.

ಈ ವ್ಯಾಧಿಗೆ ಆಧುನಿಕ ವೈದ್ಯರು ಮಾರ್ಟನ್ಸ್ ನ್ಯೂರೋಮಾ ಎನ್ನುತ್ತಾರೆ. 1876ರಲ್ಲಿ ಇದನ್ನು ವಿವರಿಸಿದ ಫಿಲಡೆಲ್ಫಿಯಾದ ವೈದ್ಯ ಥಾಮಸ್ ಮಾರ್ಟನ್ ಅವರಿಂದ ಬಂದ ಹೆಸರು. ಹೆಬ್ಬೆರಳಿನಿಂದ ಎಣಿಸಿದರೆ ಸಾಮಾನ್ಯವಾಗಿ ಮೂರನೆಯ ಮತ್ತು ನಾಲ್ಕನೆಯ ಬೆರಳುಗಳ ನಡುವೆ ಸಾಗುವ ನರವು ಪದೇ ಪದೇ ಒತ್ತಡಕ್ಕೆ ಸಿಲುಕಿ, ಅದರ ಸುತ್ತಲಿನ ಅಂಗಾಂಶ ದಪ್ಪವಾಗುತ್ತದೆ. ಇದು ಅರ್ಬುದವಲ್ಲ, ಹೆದರಬೇಕಿಲ್ಲ. ಪುರುಷರಿಗಿಂತ ಸ್ತ್ರೀಯರಲ್ಲಿ ಹೆಚ್ಚು. ಪಾದರಕ್ಷೆ ಕಳಚಿ ತಿಕ್ಕಿದೊಡನೆ ನೋವು ಇಳಿಯುವುದು ಇದರ ಒಳ್ಳೆಯ ಗುರುತು.

ಪಟ್ಟಣದ ವೈದ್ಯರು ಎತ್ತರದ ಹಿಮ್ಮಡಿಯ ಚಪ್ಪಲಿಯನ್ನು ದೂರುತ್ತಾರೆ. ನಮ್ಮ ಗಿರಿಸೀಮೆಯಲ್ಲಿ ಆ ಚಪ್ಪಲಿ ಇಲ್ಲದೆಯೂ ಅದೇ ಭಾರ ಮುಂಗಾಲಿಗೆ ಬೀಳುತ್ತದೆ. ಎತ್ತರದ ರೆಂಬೆಯ ಹಣ್ಣಿಗಾಗಿ ದಿನವಿಡೀ ತುದಿಗಾಲಿನಲ್ಲಿ ನಿಲ್ಲಬೇಕು. ಹಣ್ಣಿನ ಚೀಲ ಹೊತ್ತು ಇಳಿಜಾರಿನಲ್ಲಿ ಇಳಿಯಬೇಕು. ಇಂಬಳದ ಕಾಟಕ್ಕೆ ಮಳೆಗಾಲದಲ್ಲಿ ಗಂಬೂಟು ಬೇಕೇ ಬೇಕು. ಆದರೆ ಸಿಕ್ಕಿದ ಅಳತೆಯದನ್ನೇ ತೊಡುವುದು ನಮ್ಮಲ್ಲಿ ರೂಢಿ.

ನಿದಾನ ಪರಿವರ್ಜನ, ಅಂದರೆ ರೋಗದ ಕಾರಣವನ್ನು ದೂರಮಾಡುವುದೇ ಮೊದಲ ಚಿಕಿತ್ಸೆಯೆಂದು ಆಯುರ್ವೇದ ಬೋಧಿಸುತ್ತದೆ. ಚರಕರು ಪಾದಾಭ್ಯಂಗವನ್ನು ಹೇಳಿದ ಅಧ್ಯಾಯದಲ್ಲಿಯೇ ಪಾದರಕ್ಷೆಯ ಧಾರಣೆಯನ್ನೂ ಹೇಳಿದ್ದಾರೆ. ನಾವು ಮೊದಲನೆಯದನ್ನು ಹಿಡಿದುಕೊಂಡು ಎರಡನೆಯದನ್ನು ಮರೆತೆವು. ಆದುದರಿಂದ ಆರ್ಥೋಟಿಕ್ಸ್ ಎಂಬ ಪಾದಾಧಾರಗಳನ್ನು ‘ಇಂಗ್ಲಿಷ್ ಔಷಧಿಯವರದು’ ಎಂದು ನಮ್ಮವರು ದೂರವಿಡುವುದು ನನಗೆ ಒಪ್ಪಿತವಲ್ಲ. ನರವನ್ನು ಹಿಂಡುವ ಒತ್ತಡ ತಗ್ಗದೆ ತೈಲವೇನು ಮಾಡೀತು?

ಅಗಲ ಮೂತಿಯ ಪಾದರಕ್ಷೆ ಮೊದಲು, ಅದರೊಳಗೆ ಮೆತ್ತೆ ನಂತರ. ಸುಮಾರು ಅರ್ಧ ಸೆಂಟಿಮೀಟರ್ ದಪ್ಪದ, ನೀರಹನಿಯ ಆಕಾರದ ಫೆಲ್ಟ್ ಅಥವಾ ರಬ್ಬರ್ ತುಂಡು ಸಾಕು. ಅದರ ಅಗಲ ಭಾಗ ಬೆರಳುಗಳ ಕಡೆಗಿರಲಿ. ಬಹುಮಂದಿ ತಪ್ಪುವುದು ಅದನ್ನು ಇರಿಸುವಲ್ಲಿ. ನೋವಿರುವ ಜಾಗದ ಕೆಳಗೇ ಇಟ್ಟರೆ ನೋವು ಹೆಚ್ಚುತ್ತದೆ. ನೋವಿನ ಬಿಂದುವಿಗೆ ಇದ್ದಿಲ ಪುಡಿ ಹಚ್ಚಿ ಪಾದರಕ್ಷೆ ಮೆಟ್ಟಿರಿ, ಒಳಗೆ ಗುರುತು ಮೂಡುತ್ತದೆ. ಮೆತ್ತೆಯ ಮುಂದಿನ ಅಂಚು ಆ ಗುರುತಿಗಿಂತ ತುಸು ಹಿಂದೆ, ಹಿಮ್ಮಡಿಯ ದಿಕ್ಕಿಗೆ ಇರಬೇಕು. ಆಗ ಮೂಳೆಗಳು ಹಿಂದಿನಿಂದ ಎತ್ತಲ್ಪಟ್ಟು ತುಸು ಅಗಲಗೊಳ್ಳುತ್ತವೆ, ನರಕ್ಕೆ ಬಿಡುವು ಸಿಗುತ್ತದೆ. ಪಾದರಕ್ಷೆ ಹೊಲಿಯುವ ನುರಿತ ಕೈಗಳಿಗೆ ಇದು ಅರ್ಧ ಗಂಟೆಯ ಕೆಲಸ. ಬಸವಣ್ಣನವರಿಗಾಗಿ ತಮ್ಮ ಚರ್ಮದಲ್ಲಿಯೇ ಪಾದರಕ್ಷೆ ಮಾಡಿದ ಹರಳಯ್ಯ-ಕಲ್ಯಾಣಮ್ಮನವರ ಕಾಯಕವನ್ನು ನೆನೆಯುವ ನಾವು ಆ ಕೈಗಳ ಬಳಿ ಸಂಕೋಚವಿಲ್ಲದೆ ಹೋಗಬೇಕು.

ಸಾವಿರಾರು ರೂಪಾಯಿಯ ಅಚ್ಚಿನ ಒಳಹಾಸು ಈ ಸಾದಾ ಮೆತ್ತೆಗಿಂತ ಮೇಲೆಂಬುದಕ್ಕೆ ಗಟ್ಟಿ ಆಧಾರವಿಲ್ಲ. ಮೆತ್ತೆಯಿಂದಲೂ ಎಲ್ಲರಿಗೂ ಉಪಶಮನ ದೊರೆಯದು. ಮೂರು ತಿಂಗಳಲ್ಲಿ ಗುಣ ಕಾಣದಿದ್ದರೆ ಮೂಳೆತಜ್ಞರನ್ನು ಕಾಣಬೇಕು; ಅವರಲ್ಲಿ ಚುಚ್ಚುಮದ್ದಿನಿಂದ ಶಸ್ತ್ರಚಿಕಿತ್ಸೆಯವರೆಗೆ ಮಾರ್ಗಗಳಿವೆ. ಎರಡೂ ಪಾದಗಳಲ್ಲಿ ಸಮನಾಗಿ ಉರಿ, ಜೋಮು ಇದ್ದರೆ ಅದು ಬೇರೆಯದೇ ಇರಬಹುದು. ಮೊದಲು ಸಕ್ಕರೆ ಪರೀಕ್ಷೆಯಾಗಲಿ. ಮಧುಮೇಹಿಗಳು ವೈದ್ಯರನ್ನು ಕೇಳದೆ ಮೆತ್ತೆ ಅಂಟಿಸಿಕೊಳ್ಳಬಾರದು. ಸ್ಪರ್ಶಜ್ಞಾನವಿಲ್ಲದ ಪಾದದಲ್ಲಿ ಅದೇ ಹುಣ್ಣಿಗೆ ಕಾರಣವಾದೀತು. ದೀಪಾವಳಿಗೆ ದೇವೀರಮ್ಮನ ಬೆಟ್ಟವನ್ನು ಬರಿಗಾಲಲ್ಲಿ ಹತ್ತುವ ಹರಕೆಯನ್ನೂ ಅಂಥವರು ಕೈಬಿಡುವುದು ಲೇಸು.

ಇನ್ನೊಂದು ಬಿನ್ನಹವಿದೆ. ಶ್ರೀಮಠದ ದಾಸೋಹದಲ್ಲಿ ತಾಯಂದಿರು ಗಂಟೆಗಟ್ಟಲೆ ಕಲ್ಲುಹಾಸಿನ ಮೇಲೆ ಬರಿಗಾಲಲ್ಲಿ ನಿಂತು ರೊಟ್ಟಿ ಬೇಯಿಸುತ್ತಾರೆ. ಮೆತ್ತೆಯನ್ನು ಪ್ಲಾಸ್ಟರ್ ಪಟ್ಟಿಯಿಂದ ಅಂಗಾಲಿಗೇ ಅಂಟಿಸಿಕೊಳ್ಳಬಹುದು, ಅದರಿಂದ ಮಡಿಗೆ ಭಂಗವಿಲ್ಲ. ಒಲೆಯ ಮುಂದೆ ದಪ್ಪನೆಯ ರಬ್ಬರ್ ಹಾಸನ್ನು ಹಾಕಿಸಲು ಪೂಜ್ಯರು ಅಪ್ಪಣೆ ಕೊಡಿಸಬೇಕೆಂದು ಕೋರುತ್ತೇನೆ. ಮೊದಲನೆಯ ಹಾಸಿನ ವೆಚ್ಚ ನನ್ನದಿರಲಿ.