ಔಷಧೀಯ ಎಲೆಗಳ ಬ್ಯಾಕ್ಟೀರಿಯಾ ಮತ್ತು ನಮ್ಮ ಕೊಳೆಮದ್ದು

ತುಳಸಿ, ಬೇವು ಮುಂತಾದ ಔಷಧೀಯ ಸಸ್ಯಗಳ ಎಲೆಗಳ ಮೇಲೂ ಒಳಗೂ ಬ್ಯಾಕ್ಟೀರಿಯಾಗಳು ವಾಸಿಸುತ್ತವೆ. ಅವುಗಳಲ್ಲಿ ಕೆಲವು ಸ್ರವಿಸುವ ರಸಗಳಿಗೆ ಶಿಲೀಂಧ್ರಗಳನ್ನು ತಡೆಯುವ ಶಕ್ತಿಯಿದೆ ಎಂದು ವಿಜ್ಞಾನಿಗಳು ತೋರಿಸಿಕೊಟ್ಟಿದ್ದಾರೆ. ಇದು ಸುಳ್ಳಲ್ಲ. ಆದರೆ ಇದೇ ಮಾತನ್ನು ಹಿಡಿದುಕೊಂಡು, ಇನ್ನು ಮೈಲುತುತ್ತ ಬೇಡ, ಈ ಬಾಟಲಿ ಸಾಕು ಎನ್ನುವವರು ಮುಂಗಾರಿಗೆ ಮುಂಚೆ ತೋಟದ ಬಾಗಿಲಿಗೆ ಬಂದರೆ ಬೆಳೆಗಾರರು ಏನು ಮಾಡಬೇಕು? ಸಂಘದ ಮಾರಾಟ ಮಳಿಗೆ ಏನು ಮಾಡಬೇಕು? ಈ ಬಗ್ಗೆ ನಮ್ಮ ಅಭಿಪ್ರಾಯವನ್ನು ಸದಸ್ಯರ ಮುಂದಿಡುತ್ತಿದ್ದೇವೆ.

ಇಂಥ ಬ್ಯಾಕ್ಟೀರಿಯಾಗಳಲ್ಲಿ ಬ್ಯಾಸಿಲಸ್ ಬಳಗ ಮುಖ್ಯವಾದುದು. ಇದು ಮಣ್ಣಿನಲ್ಲೂ ಉಂಟು, ಎಲೆಯ ಮೇಲೂ ಉಂಟು. ಇದು ಉಂಟುಮಾಡುವ ಇಟುರಿನ್ ಎಂಬ ವಸ್ತುವಿಗೆ ಆಫ್ರಿಕದ ಕಾಂಗೋದ ಇಟುರಿ ಪ್ರದೇಶದ ಹೆಸರು ಬಂದಿದೆ. ಅದು ಮೊದಲು ದೊರೆತದ್ದು ಅಲ್ಲಿಯ ಮಣ್ಣಿನ ಬ್ಯಾಕ್ಟೀರಿಯಾದಿಂದ. ಶಿಲೀಂಧ್ರದ ಜೀವಕೋಶದ ಪೊರೆಯಲ್ಲಿ ಸ್ಟೆರಾಲ್ ಎಂಬ ಕೊಬ್ಬಿನಂಥ ಅಂಶವಿರುತ್ತದೆ. ಇಟುರಿನ್ ಅದನ್ನು ಹಿಡಿದು ಪೊರೆಗೆ ತೂತು ಮಾಡುತ್ತದೆ.

ಇಲ್ಲಿಯೇ ನಮ್ಮವರು ಗಮನಿಸಬೇಕಾದ ಸಂಗತಿಯಿದೆ. ನಾವು ಕೊಳೆರೋಗವೆಂದು ಒಂದೇ ಹೆಸರಿನಿಂದ ಕರೆಯುವ ರೋಗಗಳು ಎರಡು. ಕಾಫಿಯ ಕೊಳೆ ನಿಜವಾದ ಶಿಲೀಂಧ್ರದಿಂದ ಬರುವಂಥದು. 1876ರಲ್ಲಿ ಕುಕ್ ಎಂಬ ಇಂಗ್ಲಿಷ್ ವಿಜ್ಞಾನಿ ಅದಕ್ಕೆ ಹೆಸರಿಡುವಾಗ ನಮ್ಮ 'ಕೊಳೆರೋಗ' ಶಬ್ದವನ್ನೇ ಲ್ಯಾಟಿನ್ ಹೆಸರಿನಲ್ಲಿ ಸೇರಿಸಿದ. ಅಡಿಕೆಯ ಕೊಳೆಯಾದರೋ ಫೈಟೋಫ್ತೊರಾದಿಂದ ಬರುತ್ತದೆ. ಇದು ನೋಡಲು ಶಿಲೀಂಧ್ರದಂತಿದ್ದರೂ ವಂಶ ಬೇರೆ. ಇದರ ಗೋಡೆಯಲ್ಲಿ ಸೆಲ್ಯುಲೋಸ್ ಇದೆ. ಸ್ಟೆರಾಲನ್ನು ಇದು ತಾನಾಗಿ ತಯಾರಿಸಿಕೊಳ್ಳಲಾರದು. ಆದ್ದರಿಂದ ಕಾಫಿಯ ಕೊಳೆಗೋ ಎಲೆತುಕ್ಕಿಗೋ ಗುಣ ಕೊಟ್ಟ ರಸ ಅಡಿಕೆಗೂ ಕೊಡುತ್ತದೆಂದು ನಂಬಲು ಆಧಾರವಿಲ್ಲ. ಹಾಗೆಂದು ಬಾಗಿಲು ಪೂರ್ತಿ ಮುಚ್ಚಿದೆಯೆಂದೂ ಅಲ್ಲ. ಫೈಟೋಫ್ತೊರಾದ ಬೀಜಕಣಗಳು ಮಳೆನೀರಿನಲ್ಲಿ ಈಜುವಾಗ ಅವಕ್ಕೆ ಗೋಡೆಯೇ ಇರುವುದಿಲ್ಲ. ಸ್ಯೂಡೊಮೊನಾಸ್ ಜಾತಿಯ ಕೆಲವು ಬ್ಯಾಕ್ಟೀರಿಯಾಗಳ ಸಾಬೂನಿನಂಥ ರಸ ತಗುಲಿದರೆ ಅವು ಒಡೆದುಹೋಗುತ್ತವೆ. ಆಶೆಗೆ ಎಡೆಯಿರುವುದು ಇಲ್ಲಿ.

ಆದರೆ ಪ್ರಯೋಗಶಾಲೆಯ ಗಾಜಿನ ತಟ್ಟೆಯಲ್ಲಿ ಮಳೆ ಬರುವುದಿಲ್ಲ! ನಮ್ಮ ಹಿರಿಯರು ಕರಡದ ಕೊಟ್ಟೆ ಕಟ್ಟಿ ಗೊನೆ ಕಾಯುತ್ತಿದ್ದುದು ನೀರು ತಾಗದಿರಲೆಂದೇ. 1908ರಲ್ಲಿ ಮೈಸೂರು ಸಂಸ್ಥಾನಕ್ಕೆ ಬಂದ ಕೆನಡಾದ ಲೆಸ್ಲಿ ಕೋಲ್ಮನ್ ಬೋರ್ಡೋ ದ್ರಾವಣವನ್ನು ಅಡಿಕೆಗೆ ಬಳಕೆಗೆ ತಂದರು. ನೂರು ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ. ಅದೂ ತೊಳೆದುಹೋದೀತೆಂದು ರಾಳ-ಸೋಡಾ ಬೆರೆಸಿದ್ದುಂಟು. ತಾಮ್ರಕ್ಕೇ ಅಂಟು ಬೇಕಾದ ಆಷಾಢದ ಮಳೆಯಲ್ಲಿ ಜೀವಂತ ಬ್ಯಾಕ್ಟೀರಿಯಾ ಗೊನೆಯ ಮೇಲೆ ಎಷ್ಟು ದಿನ ನಿಂತೀತು? ಇದಕ್ಕೆ ಮಾರುವವರು ಉತ್ತರ ಕೊಡಬೇಕು. ತಾಮ್ರವು ಬ್ಯಾಕ್ಟೀರಿಯಾವನ್ನೂ ಕೊಲ್ಲುತ್ತದೆ. ಎರಡನ್ನೂ ಕೂಡಿಸಿ ಹೊಡೆದರೆ ಬಾಟಲಿಯ ಹಣ ನೀರುಪಾಲು.

ಹಾಗಾದರೆ ಬೋರ್ಡೋ ದ್ರಾವಣವೇ ಸಾಕು ಎಂದು ಕುಳಿತುಬಿಡೋಣವೇ? ಅದೂ ನಮಗೆ ಒಪ್ಪಿಗೆಯಿಲ್ಲ. ವರ್ಷ ವರ್ಷವೂ ಹೊಡೆದ ತಾಮ್ರ ತೋಟದ ಮಣ್ಣಿನಲ್ಲಿಯೇ ಉಳಿಯುತ್ತದೆ. ಮಳೆಯ ಬಿಡುವಿನಲ್ಲಿ ಮರ ಹತ್ತಿ ಮದ್ದು ಹೊಡೆಯುವವರು ಸಿಗುವುದೂ ಕಷ್ಟ. ಹೊಸ ಮದ್ದು ಬೇಕೇ ಬೇಕು. ಅದನ್ನು ಪರೀಕ್ಷಿಸುವ ನಷ್ಟ ಯಾರದು ಎಂಬುದೇ ನಮ್ಮ ಪ್ರಶ್ನೆ. ಅರ್ಧ ಎಕರೆಯ ಬೆಳೆಗಾರ ತನ್ನ ಗೊನೆಗಳ ಮೇಲೆ ಪ್ರಯೋಗ ಮಾಡಿ ಸೋತರೆ ಆ ವರ್ಷದ ಬದುಕೇ ಹೋಯಿತು. ಮದ್ದು ಮಾರಿದವನಿಗೆ ಹೋಗುವುದೇನೂ ಇಲ್ಲ.

ಆದ್ದರಿಂದ ಸಂಘವೇ ಇದನ್ನು ಕೈಗೆತ್ತಿಕೊಳ್ಳಬೇಕೆಂಬುದು ನಮ್ಮ ಸಲಹೆ. ಮಳೆ ಹೆಚ್ಚಿರುವ ಕಡೆ ಒಂದೆರಡು, ಕಡಿಮೆಯಿರುವ ಕಡೆ ಒಂದು ತೋಟ ಆರಿಸಲಿ. ಕೆಲವು ಮರಗಳಿಗೆ ಬ್ಯಾಕ್ಟೀರಿಯಾ, ಉಳಿದವಕ್ಕೆ ಬೋರ್ಡೋ ಹೊಡೆಯಲಿ; ತಾಮ್ರ ಸಿಡಿಯದಂತೆ ನಡುವೆ ಎರಡು ಸಾಲು ಬಿಡಲಿ. ಉದುರಿದ ಕೊಳೆಗಾಯಿಗಳನ್ನು ವಾರಕ್ಕೊಮ್ಮೆ ಎಣಿಸಿ ಸುಡಲಿ. ವಿಟ್ಲದ ಅಡಿಕೆ ಸಂಶೋಧನಾ ಕೇಂದ್ರದ ವಿಜ್ಞಾನಿಗಳ ಮಾರ್ಗದರ್ಶನ ಕೇಳೋಣ. ಕಾಫಿಗೆ ಬಾಳೆಹೊನ್ನೂರಿನವರನ್ನು ಕೇಳೋಣ. ಬೋರ್ಡೋ ಹೊಡೆದ ಮರಗಳಿಗಿಂತ ಬೆಳೆ ಕಡಿಮೆಯಾದರೆ ಆ ವ್ಯತ್ಯಾಸವನ್ನು ಸಂಘದ ಲಾಭದಿಂದ ತೋಟದವರಿಗೆ ತುಂಬಿಕೊಡಬೇಕು. ಮೂರು ಮುಂಗಾರು ನೋಡುವವರೆಗೆ ಕೊಳೆಮದ್ದೆಂದು ಇಂಥ ಬಾಟಲಿಯನ್ನು ನಮ್ಮ ಮಳಿಗೆಯಲ್ಲಿ ಇಡಬಾರದು. ನೋಂದಣಿ ಸಂಖ್ಯೆ, ಜೀವಾಣುಗಳ ಎಣಿಕೆ, ಅವಧಿ ಮುಗಿಯುವ ದಿನಾಂಕ ಇಲ್ಲದ ಸರಕನ್ನಂತೂ ಎಂದಿಗೂ ಇಡಬಾರದು.

ಬರುವ ಮಹಾಸಭೆಯಲ್ಲಿ ಈ ವಿಷಯವನ್ನು ಚರ್ಚೆಗೆ ತರಬೇಕೆಂದು ಆಡಳಿತ ಮಂಡಳಿಯನ್ನು ಕೋರುತ್ತೇವೆ. ಆಗ ನಿರ್ಣಯವಾದರೆ, ಮುಂದಿನ ಮುಂಗಾರಿನ ಮೊದಲ ಸಿಂಪಡಣೆಗೆ ಮುಂಚೆ ಮರಗಳಿಗೆ ಗುರುತು ಹಾಕಲು ಸಮಯ ಸಿಗುತ್ತದೆ. ತೋಟ ಕೊಡಲು ಒಪ್ಪುವ ಸದಸ್ಯರು ಸಂಘದ ಕಚೇರಿಗೆ ಒಂದು ಕಾಗದ ಬರೆದು ತಿಳಿಸಲಿ.