ಏಳನೆಯ ನಂಬರಿನ ಹುಡುಗಿ

ಸೂಪರ್‌ಹೀರೋಗಳೆಂದರೆ ನನಗೆ ಮೊದಲಿನಿಂದಲೂ ಅಷ್ಟಕ್ಕಷ್ಟೆ. ಪ್ಯಾಂಟಿನ ಮೇಲೆ ಚಡ್ಡಿ ತೊಟ್ಟು ಹಾರುವ ಗಂಡಸು, ಕೆಳಗೆ ನಿಂತು ಕಿರುಚುವ ಹೆಂಗಸು. ಇಷ್ಟಕ್ಕೆ ಅಷ್ಟೊಂದು ಬಣ್ಣದ ಕಾಗದ ದಂಡ ಎನ್ನುವವಳು ನಾನು. ಅಂಥ ನಾನು ಮಗಳ ಮೇಜಿನ ಮೇಲಿದ್ದ ‘ದಿ ಅಂಬ್ರೆಲ್ಲಾ ಅಕಾಡೆಮಿ’ಯ ಮೊದಲ ಸಂಪುಟವನ್ನು ಕೈಗೆತ್ತಿಕೊಂಡು, ಮುಗಿಸಿಯೇ ಕೆಳಗಿಟ್ಟೆ. ನಮ್ಮ ಮಹಿಳಾ ಸಮಾಜದಲ್ಲಿ ಇದನ್ನು ಹೇಳಿದ್ದೇ ತಡ, ಹಿರಿಯರೊಬ್ಬರು, “ಅದೇನೋ ಮನೆ ಮುರಿಯೋ ಕಥೆಯಂತಲ್ರೀ, ಮಕ್ಕಳ ಕೈಗೆ ಯಾಕೆ ಕೊಡ್ತೀರಿ?” ಎಂದರು. ನನ್ನ ತಕರಾರಿರುವುದು ಈ ಮಾತಿಗೆ.

ಮನೆ ಮುರಿಯುವುದು ಪುಸ್ತಕದಿಂದಲೇ?

ಅಮೆರಿಕದ ಡಾರ್ಕ್ ಹಾರ್ಸ್ ಪ್ರಕಾಶನ 2007ರಿಂದ ಆರು ಸಂಚಿಕೆಗಳಲ್ಲಿ ತಂದ ಕಥೆ ಇದು. ಬರೆದ ಜೆರಾರ್ಡ್ ವೇ ರಾಕ್ ತಂಡವೊಂದರ ಹಾಡುಗಾರ. ಚಿತ್ರ ಬರೆದ ಗೇಬ್ರಿಯಲ್ ಬಾ ಬ್ರೆಜಿಲಿನವರು. 2008ರಲ್ಲಿ ಇದಕ್ಕೆ ಐಸ್ನರ್ ಪ್ರಶಸ್ತಿಯೂ ಬಂತು. ಬಸುರಿನ ಲಕ್ಷಣವೇ ಇಲ್ಲದ ಹೆಂಗಸರು ಒಂದೇ ಗಳಿಗೆಯಲ್ಲಿ 43 ಮಕ್ಕಳನ್ನು ಹೆರುತ್ತಾರೆ. ಹಾರ್ಗ್ರೀವ್ಸ್ ಎಂಬ ಸಿರಿವಂತ ಅವರಲ್ಲಿ ಏಳು ಮಕ್ಕಳನ್ನು ತಂದು ಸಾಕುತ್ತಾನೆ. ಸಾಕುವುದೆಂದರೇನು, ಪಳಗಿಸುತ್ತಾನೆ. ಯಾರಿಂದ ಎಷ್ಟು ಉಪಯೋಗವೋ ಆ ಲೆಕ್ಕದಲ್ಲಿ ಒಂದರಿಂದ ಏಳರವರೆಗೆ ನಂಬರು.

ಏಳನೆಯವಳು ವಾನ್ಯಾ. ಪಿಟೀಲು ನುಡಿಸುತ್ತಾಳೆ. ಉಳಿದ ಮಕ್ಕಳು ಪ್ಯಾರಿಸ್ಸಿನಲ್ಲಿ ಹುಚ್ಚೆದ್ದ ಐಫೆಲ್ ಗೋಪುರದೊಂದಿಗೆ ಸೆಣಸುವ ಕಾಲಕ್ಕೆ, ನಿನ್ನಲ್ಲಿ ವಿಶೇಷವೇನೂ ಇಲ್ಲವಮ್ಮ ಎಂದುಬಿಡುತ್ತಾನೆ ಅಪ್ಪ. ಗದರುವುದಿಲ್ಲ, ಹೊಡೆಯುವುದಿಲ್ಲ. ಪಂಚಾಂಗ ನೋಡಿ ತಿಥಿ ಹೇಳಿದ ಹಾಗೆ ಹೇಳುತ್ತಾನೆ. ಆ ಪುಟದಲ್ಲಿ ನಾನು ಬಹಳ ಹೊತ್ತು ನಿಂತೆ. ಪಿಯುಸಿ ಫಲಿತಾಂಶದ ದಿನ ಬಂದವರಿಗೆಲ್ಲ ಕಾಫಿ ಕೊಡುತ್ತಾ, “ದೊಡ್ಡವಳು ಚುರುಕು, ಇವಳು ಸಾಧಾರಣ” ಎಂದು ಮಗುವಿನ ಎದುರಿಗೇ ಹೇಳುವ ನಾವು, ಆ ಮುದುಕನಿಗಿಂತ ಎಷ್ಟು ಮೇಲು?

ಹೋಗಲಿ, ಒಂದನೆಯ ನಂಬರಿನವನಾದರೂ ಸುಖವಾಗಿದ್ದಾನೆಯೇ? ಅಪ್ಪ ಹೇಳಿದ್ದನ್ನೆಲ್ಲ ಮಾಡಿದ ಹಿರಿಮಗ ಆತ. ಅವನ ಪ್ರಾಣ ಉಳಿಸಲು ಅಪ್ಪ ಅವನ ತಲೆಯನ್ನು ಮಂಗಳಗ್ರಹದ ಗೊರಿಲ್ಲಾದ ಮೈಗೆ ಜೋಡಿಸಿದ್ದಾನೆ. ಅಪ್ಪ ಸತ್ತ ಸುದ್ದಿ ಬಂದಾಗ ಅವನಿರುವುದು ಚಂದ್ರನ ಮೇಲೆ, ಒಬ್ಬನೇ. ಉತ್ಪ್ರೇಕ್ಷೆ ಎನ್ನುತ್ತೀರಾ? ಮನೆಯ ಮಾನ ಹೊತ್ತು ದೂರದೇಶದಲ್ಲಿ ಒಂಟಿಯಾಗಿ ಬೇಯುತ್ತಿರುವ ಹಿರಿಮಕ್ಕಳು ನಿಮ್ಮ ಬೀದಿಯಲ್ಲೇ ಎಷ್ಟು ಮನೆಗಳಲ್ಲಿಲ್ಲ! ಅಂತ್ಯಕ್ರಿಯೆಗೆ ಸೇರಿದ ಒಡಹುಟ್ಟಿದವರು ಅಲ್ಲೇ ಜಗಳವಾಡುತ್ತಾರೆ. ಅದನ್ನು ವಿವರಿಸಬೇಕಾಗಿಲ್ಲ; ಹದಿಮೂರನೆಯ ದಿನ ಪಾತ್ರೆಪಗಡಿ ಎಣಿಸಿದ್ದನ್ನು ಕಂಡವರಿಗೆ ಗೊತ್ತು.

ನಮ್ಮ ಧಾರಾವಾಹಿಗಳಲ್ಲಿ ಮನೆ ಹಾಳಾಗುವುದಕ್ಕೆ ಕಾರಣ ಯಾವಾಗಲೂ ಹೊರಗಿನಿಂದ ಬಂದ ಸೊಸೆ. ಇಲ್ಲವೇ ನಾದಿನಿ. ಇಲ್ಲಿ ಹಾಳು ಮಾಡಿದವನು ಯಜಮಾನ. ಅದೂ ಲೋಕ ಉಳಿಸುತ್ತೇನೆಂಬ ಘನ ಕಾರಣ ಇಟ್ಟುಕೊಂಡು. ಇಷ್ಟು ನೇರವಾಗಿ ಇದನ್ನು ಹೇಳಿದ ಕೌಟುಂಬಿಕ ಕಾದಂಬರಿ ಓದಿ ನನಗೆ ಬಹಳ ಕಾಲವಾಯಿತು. ಅಂಗಡಿಯವರು ಮಕ್ಕಳ ಕಪಾಟಿಗೆ ತಳ್ಳುವ ಪುಸ್ತಕದಲ್ಲಿ ಅದು ಸಿಕ್ಕಿದ್ದು ಸಂತೋಷವೇ. ಹಿಂಸೆಯಿದೆ, ರಕ್ತವಿದೆ, ತೀರಾ ಚಿಕ್ಕವರಿಗೆ ಬೇಡ. ಹದಿನೈದು ದಾಟಿದವರಿಗೆ ಕೊಡಿ. ಅದಕ್ಕೂ ಮೊದಲು ನೀವು ಓದಿ.

ಸಾಧಾರಣ ಎನಿಸಿಕೊಂಡ ವಾನ್ಯಾಳೇ ಕೊನೆಗೆ ಲೋಕವನ್ನು ಮುಗಿಸಲು ಹೊರಡುತ್ತಾಳೆ. ಸಿಟ್ಟಾದ ಹೆಣ್ಣನ್ನು ಮತ್ತೆ ಮಾರಿ ಮಾಡಿದರಲ್ಲ ಎಂದು ಮಗಳು ವಾದಿಸಿದಳು. ನಾನು ಒಪ್ಪುವುದಿಲ್ಲ. ಅವಳಲ್ಲಿ ಶಕ್ತಿಯಿದ್ದದ್ದು ಅಪ್ಪನಿಗೆ ಗೊತ್ತಿತ್ತು. ಗೊತ್ತಿದ್ದೂ ಮುಚ್ಚಿಟ್ಟ. ಮಾರಿ ಮಾಡಿದವನು ಯಾರೆಂದು ಕಥೆ ಮರೆಮಾಚುವುದಿಲ್ಲ.

ನನ್ನ ಜಗಳ ಬೇರೆ ಕಡೆ. ಈ ಮಕ್ಕಳಿಗೆ ಅಮ್ಮ ಎಂದು ಇರುವುದು ಅಪ್ಪ ಮಾಡಿಟ್ಟ ಒಂದು ಬೊಂಬೆ. ಅದರ ವ್ಯಂಗ್ಯ ನನಗೆ ಹಿಡಿಸಿತು. ಆದರೆ ಹೆತ್ತವರು? ದಿನ ತುಂಬದೆ, ಸಿದ್ಧತೆಯಿಲ್ಲದೆ, ನಿಂತಲ್ಲೇ ಹೆತ್ತ ಆ ಹೆಂಗಸರನ್ನು ಕಥೆ ಆರಂಭದಲ್ಲೇ ದಾಟಿ ಹೋಗಿಬಿಡುತ್ತದೆ. ಅವರಿಗೆ ಎರೆದವರು ಯಾರು, ಮಗುವನ್ನು ಕೊಟ್ಟ ರಾತ್ರಿ ಎದೆ ಕಟ್ಟಿದಾಗ ಏನು ಮಾಡಿದರು? ಮಂಗಳದ ಗೊರಿಲ್ಲಾದವರೆಗೆ ಹೋದ ಕಲ್ಪನೆ ಒಬ್ಬ ಬಾಣಂತಿಯ ಕೋಣೆಗಾದರೂ ಒಮ್ಮೆ ಇಣುಕಬಹುದಿತ್ತು.