ಕಾಶಿಗೆ ಹೊರಡುವ ಮುನ್ನ

ಮಕ್ಕಳ ಪರೀಕ್ಷೆಗಳು ಮುಗಿಯುತ್ತಿದ್ದಂತೆಯೇ ನಮ್ಮ ಮನೆಗಳಲ್ಲಿ ಕಾಶಿಯಾತ್ರೆಯ ಮಾತು ಏಳುವುದು ವಾಡಿಕೆ. ನಾಲ್ಕಾರು ಮನೆತನದವರು ಕೂಡಿ ತಂಡ ಕಟ್ಟುತ್ತಾರೆ. 2022ರ ನವೆಂಬರ್‌ನಲ್ಲಿ ಬೆಂಗಳೂರಿನಿಂದ ಕಾಶಿ ದರ್ಶನದ ವಿಶೇಷ ರೈಲು ಆರಂಭವಾದ ಮೇಲೆ ಈ ಮಾತು ಇನ್ನಷ್ಟು ಕೇಳಿಬರುತ್ತಿದೆ. ಇದು ಸಂತೋಷದ ಸಂಗತಿಯೇ. ಆದರೆ ಇಂಥ ಯಾತ್ರೆಯಲ್ಲಿ ನಾವೇ ಒಮ್ಮೆ ಮಾಡಿದ ತಪ್ಪನ್ನು ಓದುಗ ಬಂಧುಗಳ ಮುಂದೆ ಮುಚ್ಚುಮರೆಯಿಲ್ಲದೆ ಹೇಳುವುದು ಕರ್ತವ್ಯವೆಂದು ಭಾವಿಸಿದ್ದೇವೆ.

ಕೆಲವು ವರ್ಷಗಳ ಹಿಂದೆ ಮೂವತ್ತೆರಡು ಜನರ ತಂಡದೊಂದಿಗೆ ಮೇ ತಿಂಗಳಿನಲ್ಲಿ ಕಾಶಿಗೆ ಹೋದೆವು. ಮಕ್ಕಳ ರಜೆಯನ್ನು ನೋಡಿದೆವೇ ಹೊರತು ಬಿಸಿಲನ್ನು ನೋಡಲಿಲ್ಲ. ಕಲಬುರಗಿ, ರಾಯಚೂರುಗಳ ಬಿಸಿಲು ಕಂಡವರಿಗೆ ಕಾಶಿಯ ಬಿಸಿಲೇನು ಮಹಾ ಎಂಬ ಹಮ್ಮು ನಮ್ಮದು. ಅಲ್ಲಿ ಮೇ, ಜೂನ್ ತಿಂಗಳುಗಳಲ್ಲಿ ತಾಪಮಾನ 45 ಡಿಗ್ರಿಯನ್ನು ಮುಟ್ಟುವುದುಂಟು. 'ಲೂ' ಎಂಬ ಬಿಸಿಗಾಳಿ ಮುಖಕ್ಕೆ ರಾಚುತ್ತದೆ. ಮೊದಲ ದಿನವೇ ನಸುಕಿನಲ್ಲಿ ಎಲ್ಲರನ್ನೂ ಎಬ್ಬಿಸಿ ಹೊರಡಿಸಿದೆವು. ಗಂಗಾಸ್ನಾನ, ವಿಶ್ವನಾಥ, ಅನ್ನಪೂರ್ಣೆ, ಕಾಲಭೈರವ ಎಲ್ಲವೂ ಮಧ್ಯಾಹ್ನದೊಳಗೆ ಮುಗಿಯಬೇಕಿತ್ತು. "ಲಿಂಗಪೂಜೆಯನ್ನು ಮರಳಿ ಬಂದು ಮಾಡಿಕೊಂಡರಾಯಿತು" ಎಂದವರೂ ನಾವೇ.

ಹನ್ನೊಂದು ಗಂಟೆಯ ಹೊತ್ತಿಗೆ, ಕಿಕ್ಕಿರಿದ ಗಲ್ಲಿಯೊಂದರಲ್ಲಿ, ಎಪ್ಪತ್ತು ದಾಟಿದ ಅಜ್ಜಿಯೊಬ್ಬರು ತಲೆಸುತ್ತಿ ಕುಸಿದರು. ಹತ್ತಿರದ ಅಂಗಡಿಯವರು ಒಳಗೆ ಮಲಗಿಸಿ, ಒದ್ದೆ ಬಟ್ಟೆಯಿಂದ ಮೈ ಒರೆಸಿ, ಆಸ್ಪತ್ರೆಗೆ ಸಾಗಿಸಲು ನೆರವಾದರು. ಎರಡು ದಿನಗಳ ನಂತರ ಚೇತರಿಸಿಕೊಂಡ ಅಜ್ಜಿಯನ್ನು, "ನೀರು ಕುಡಿದಿರಲಿಲ್ಲವೇನಬೇ?" ಎಂದು ಕೇಳಿದೆವು. "ಪೂಜಿ ಆಗದ ನೀರು ಹ್ಯಾಂಗ ಕುಡೀಲೋ ತಮ್ಮಾ? ಎಲ್ಲಾರೂ ಅವಸರದಾಗ ಇದ್ರಿ, ನಾ ಸುಮ್ಮನಾದ್ನಿ" ಎಂದರು. ಅವರ ಸೊಸೆ ಇನ್ನೊಂದು ಮಾತು ಸೇರಿಸಿದರು: ಶೌಚಾಲಯ ಎಲ್ಲಿದೆಯೋ ತಿಳಿಯದೆ ಹೆಣ್ಣುಮಕ್ಕಳೆಲ್ಲರೂ ಅಂದು ನೀರನ್ನು ಮಿತಿಗೊಳಿಸಿದ್ದರು. ತಂಡದ ಮುಂದಾಳುಗಳಾದ ನಮಗೆ ಇವೆರಡೂ ತಿಳಿದಿರಲಿಲ್ಲ. ಆ ನಾಚಿಕೆ ಇಂದಿಗೂ ಹೋಗಿಲ್ಲ.

ಆದುದರಿಂದ ಯಾತ್ರೆಯ ಪಟ್ಟಿಯಲ್ಲಿ ಮೊದಲು ಬರೆಯಬೇಕಾದುದು ಗುಡಿಗಳ ಹೆಸರನ್ನಲ್ಲ. ಲಿಂಗಪೂಜೆ, ನೀರು, ಉಪಾಹಾರ ಮತ್ತು ಶೌಚದ ವೇಳೆಯನ್ನು. ಪೂಜೆ, ಪ್ರಸಾದಗಳು ಮುಗಿದ ಮೇಲೆಯೇ ಹಿರಿಯರು ಹೊಸ್ತಿಲು ದಾಟಲಿ. ಇದರಿಂದ ಒಂದೆರಡು ಗುಡಿಗಳು ತಪ್ಪಿದರೆ ತಪ್ಪಲಿ.

ಕಾಲದ ಆಯ್ಕೆಯೂ ಮುಖ್ಯ. ನವೆಂಬರ್ ಮತ್ತು ಫೆಬ್ರುವರಿ ಹಿತಕರ. ಡಿಸೆಂಬರ್ ಕೊನೆಯಿಂದ ಜನವರಿಯವರೆಗೆ ದಟ್ಟ ಮಂಜಿನಿಂದ ರೈಲುಗಳು ಗಂಟೆಗಟ್ಟಲೆ ತಡವಾಗುತ್ತವೆ. ಮಳೆಗಾಲದಲ್ಲಿ ಗಂಗೆ ಉಕ್ಕಿ ಘಾಟುಗಳ ಮೆಟ್ಟಿಲುಗಳು ಮುಳುಗುವುದುಂಟು, ದೋಣಿಗಳೂ ನಿಲ್ಲುತ್ತವೆ. ಶಿವರಾತ್ರಿ ಮತ್ತು ಶ್ರಾವಣ ಸೋಮವಾರಗಳ ನೂಕುನುಗ್ಗಲು ವೃದ್ಧರಿಗೆ ತಕ್ಕುದಲ್ಲ. ಬೇಸಿಗೆಯಲ್ಲೇ ಹೋಗಬೇಕಾಗಿ ಬಂದರೆ ಹನ್ನೊಂದರಿಂದ ನಾಲ್ಕರವರೆಗೆ ನೆರಳಿನಲ್ಲಿರುವುದು ಲೇಸು.

ನೆರಳಿನಲ್ಲಿ ನೋಡತಕ್ಕವೂ ಕಾಶಿಯಲ್ಲಿ ಹೇರಳವಾಗಿವೆ. ಗೊದೌಲಿಯಾ ಬಳಿಯ ಜಂಗಮವಾಡಿ ಮಠಕ್ಕೆ ಮೊಗಲ್ ಬಾದಶಹರು ಕೊಟ್ಟ ಭೂದಾನದ ಫರ್ಮಾನುಗಳು ಇತಿಹಾಸಕಾರರ ಗಮನ ಸೆಳೆದಿವೆ. ಕನ್ನಡ ನಾಡಿನ ಭಕ್ತರಿಗೆ ಅದು ತವರುಮನೆಯಂತೆ. 1916ರಲ್ಲಿ ಸ್ಥಾಪಿತವಾದ ಹಿಂದೂ ವಿಶ್ವವಿದ್ಯಾಲಯದ ಆವರಣದಲ್ಲಿ ಭಾರತ ಕಲಾ ಭವನವಿದೆ. ಸುಮಾರು 10 ಕಿಲೋಮೀಟರು ದೂರದ ಸಾರನಾಥದ ವಸ್ತುಸಂಗ್ರಹಾಲಯದಲ್ಲಿ ನಮ್ಮ ರಾಷ್ಟ್ರಲಾಂಛನಕ್ಕೆ ಮೂಲವಾದ ಅಶೋಕನ ಸಿಂಹಶಿಖರವನ್ನು ಮಕ್ಕಳಿಗೆ ತೋರಿಸಬಹುದು. ಶುಕ್ರವಾರ ಅದಕ್ಕೆ ರಜೆ. ಸಂಜೆಯ ಗಂಗಾರತಿಯನ್ನು ದೋಣಿಯಲ್ಲಿ ಕುಳಿತು ನೋಡಿದರೆ ಹಿರಿಯರು ಮೆಟ್ಟಿಲುಗಳ ಮೇಲೆ ನಿಲ್ಲಬೇಕಾಗಿಲ್ಲ.

ವಿಶ್ವನಾಥನ ಈಗಿನ ಗುಡಿಯನ್ನು 18ನೆಯ ಶತಮಾನದಲ್ಲಿ ರಾಣಿ ಅಹಲ್ಯಾಬಾಯಿ ಹೋಳ್ಕರ್ ಕಟ್ಟಿಸಿದರು. 2021ರ ಡಿಸೆಂಬರ್‌ನಲ್ಲಿ ಅದರ ವಿಶಾಲ ಪ್ರಾಂಗಣ ಉದ್ಘಾಟನೆಯಾದ ಮೇಲೆ ಗಂಗೆಯ ದಡದಿಂದಲೇ ಗುಡಿಗೆ ದಾರಿಯಾಗಿದೆ. ಆದರೆ ಒಳಗೆ ಮೊಬೈಲ್ ಒಯ್ಯುವಂತಿಲ್ಲ. ತಪ್ಪಿಸಿಕೊಂಡವರನ್ನು ಕರೆ ಮಾಡಿ ಹುಡುಕುವುದು ಅಸಾಧ್ಯವಾದ್ದರಿಂದ ಎಂಟೆಂಟು ಜನರ ಗುಂಪು ಮಾಡಿ, ಒಬ್ಬೊಬ್ಬ ಹೊಣೆಗಾರರನ್ನು ನೇಮಿಸಿ, ಕೂಡುವ ಜಾಗವನ್ನು ಮೊದಲೇ ಗೊತ್ತುಮಾಡಬೇಕು. ವಸತಿಯ ವಿಳಾಸವನ್ನು ಹಿಂದಿಯಲ್ಲಿ ಬರೆದ ಚೀಟಿ ಪ್ರತಿಯೊಬ್ಬರ ಬಳಿಯೂ ಇರಲಿ. ಇಕ್ಕಟ್ಟಾದ ಗಲ್ಲಿಗಳಿಗೆ ವಾಹನ ಬರುವುದಿಲ್ಲ; ಆದುದರಿಂದ ಹಿರಿಯರಿಗೆ ರಸ್ತೆಗೆ ಸಮೀಪವಾದ ಕೆಳಮಹಡಿಯ ಕೋಣೆಯನ್ನೇ ಕೇಳಿ ಪಡೆಯಿರಿ.

ಎರಡು ವರ್ಷಗಳ ನಂತರ ನವೆಂಬರ್‌ನಲ್ಲಿ ಅದೇ ಅಜ್ಜಿಯನ್ನು ಕರೆದುಕೊಂಡು ಮತ್ತೆ ಕಾಶಿಗೆ ಹೋದೆವು. ದಿನಕ್ಕೆ ಎರಡೇ ಸ್ಥಳಗಳನ್ನು ನೋಡಿದೆವು. ನಸುಕಿನಲ್ಲಿ ಅಜ್ಜಿ ಸಮಾಧಾನದಿಂದ ಲಿಂಗಪೂಜೆ ಮುಗಿಸುವವರೆಗೆ ಇಡೀ ತಂಡ ಕಾಯುತ್ತಿತ್ತು, ಯಾರೂ ಅವಸರಪಡಿಸಲಿಲ್ಲ. "ಈ ಸಲ ಕಾಶಿ ನೋಡಿದ್ನೆಪಾ" ಎಂದು ಅವರು ಊರಿಗೆ ಮರಳುವಾಗ ಹೇಳಿದರು.

ಯಾತ್ರೆಗೆ ಹೊರಡುವ ಎಲ್ಲ ಬಂಧುಗಳಿಗೂ ಇಂಥ ಸಮಾಧಾನ ದೊರೆಯಲೆಂದು ಹಾರೈಸುತ್ತೇವೆ. ಶರಣು ಶರಣಾರ್ಥಿ.